ಓದುಗರ ಪ್ರಶ್ನೆ: ಲ್ವಾರ್ ಕಣಿವೆಯ ಸಾವಯವ ಬಿಳಿ ವೈನ್

ಫ್ರಾನ್ಸಿನ ಸಣ್ಣ ತೋಟಗಳಲ್ಲಿ ಹೆಚ್ಚು ಕೈಹಾಕದೆ ಮಾಡುವ ಸಾವಯವ ಬಿಳಿ ವೈನ್ ಬಗ್ಗೆ ಬಂದ ಪತ್ರಗಳಲ್ಲಿ ಬಹುಪಾಲು ಲ್ವಾರ್ ಕಣಿವೆಯ ಶೆನಿನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ವೈನ್ ಕುರಿತವು. ಹಾಗಾಗಿ ಈ ಸಲದ ಉತ್ತರಗಳೂ ಆ ತಳಿಯ ಸುತ್ತಲೇ ಇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ.

ಪ್ರಶ್ನೆ: ಲ್ವಾರ್ ದಂಡೆಯ ಮೋಂಲೂಯಿ ಊರಿನ ಸಣ್ಣ ತೋಟವೊಂದರ ಸಾವಯವ ಶೆನಿನ್ ತೆರೆದೆವು. ಗ್ಲಾಸಿಗೆ ಬಗ್ಗಿಸಿದರೆ ತುಸು ಮಬ್ಬು, ನಾಲಿಗೆಗೆ ಚುರುಗುಟ್ಟುವ ಗುಳ್ಳೆ, ಬಾಟಲಿಯ ತಳದಲ್ಲಿ ಸಕ್ಕರೆಯಂಥ ಹರಳು. ಕೆಟ್ಟಿದೆಯೇ, ಚೆಲ್ಲಬೇಕೇ? – ಆರ್.ಎಸ್.

ಉತ್ತರ: ಚೆಲ್ಲಬೇಡಿ. ಹರಳು, ಮಬ್ಬು ಎರಡೂ ನಿರಪಾಯ. ಗುಳ್ಳೆಯನ್ನು ಮಾತ್ರ ಸ್ವಲ್ಪ ಪರೀಕ್ಷಿಸಬೇಕು.

ಆ ಹರಳು ಪೊಟ್ಯಾಸಿಯಂ ಬೈಟಾರ್ಟ್ರೇಟ್. ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲವು ಪೊಟ್ಯಾಸಿಯಂ ಜೊತೆ ಸೇರಿ, ತಣ್ಣಗಾದಾಗ ಹೀಗೆ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ದೊಡ್ಡ ಉತ್ಪಾದಕರು ಬಾಟಲಿ ತುಂಬುವ ಮೊದಲೇ ವೈನನ್ನು ಮೈನಸ್ 4 ಡಿಗ್ರಿಯ ಸುಮಾರಿನಲ್ಲಿ ಹಲವು ದಿನ ಇಟ್ಟು ಹರಳನ್ನು ತೊಟ್ಟಿಯಲ್ಲೇ ಇಳಿಸಿಬಿಡುತ್ತಾರೆ. ಸಣ್ಣ ತೋಟದವರು ಈ ಕೆಲಸವನ್ನು ನೆಲಮಾಳಿಗೆಯ ಚಳಿಗಾಲಕ್ಕೆ ಬಿಡುತ್ತಾರೆ. ಅಲ್ಲಿ ಇಳಿಯದೆ ಉಳಿದದ್ದು ನಿಮ್ಮ ಫ್ರಿಜ್ಜಿನಲ್ಲಿ ಇಳಿದಿದೆ. ರುಚಿ ಕೆಡುವುದಿಲ್ಲ, ಹಲ್ಲಿಗೆ ಸಿಕ್ಕರೆ ಕರಕರ ಎನ್ನುತ್ತದೆ, ಅಷ್ಟೇ.

ಸೋಸದೆ ತುಂಬಿದ ವೈನಿನಲ್ಲಿ ಯೀಸ್ಟಿನ ನುಣ್ಣನೆಯ ಗಸಿ ಉಳಿಯುತ್ತದೆ, ಮಬ್ಬು ಬರುವುದು ಅದರಿಂದ. ಬೆಂಟೊನೈಟ್ ಜೇಡಿ ಹಾಕಿ ತೆಗೆಯಬಹುದಾಗಿದ್ದ ಪ್ರೋಟೀನ್ ಕೂಡ ಕೆಲವೊಮ್ಮೆ ಕಾರಣ. ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಅಲುಗಿಸದೆ ಬಗ್ಗಿಸಿ, ತಳದ ಎರಡು ಬೆರಳಿನಷ್ಟನ್ನು ಬಿಟ್ಟರೆ ಮೇಲಿನದೆಲ್ಲ ಬಹುಮಟ್ಟಿಗೆ ತಿಳಿಯಾಗಿ ಬರುತ್ತದೆ.

ಗುಳ್ಳೆಯಲ್ಲಿ ಎರಡು ಬಗೆ. ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡನ್ನು ಲೀಟರಿಗೆ 1 ಗ್ರಾಂ ಆಸುಪಾಸಿನಲ್ಲಿ ಬೇಕೆಂದೇ ಉಳಿಸಿಕೊಳ್ಳುವುದುಂಟು. ಕೆಡದಂತೆ ಕಾಯುವ ಸಲ್ಫೈಟ್ ಕಡಿಮೆ ಇರುವ ವೈನಿಗೆ ಅದೊಂದು ರಕ್ಷೆ. ಇಂಥ ಗುಳ್ಳೆ ಗ್ಲಾಸನ್ನು ನಾಲ್ಕಾರು ಸಲ ಸುತ್ತಿಸಿದರೆ, ಇಲ್ಲವೇ ಹೂಜಿಗೆ ಸುರಿದು ಹದಿನೈದು ನಿಮಿಷ ಬಿಟ್ಟರೆ ಹೋಗಿಬಿಡುತ್ತದೆ. ಇನ್ನೊಂದು, ಬಾಟಲಿಯೊಳಗೇ ಮತ್ತೆ ಹುದುಗು ಎದ್ದದ್ದು. ಸಕ್ಕರೆ ಪೂರ್ತಿ ಮುಗಿಯುವ ಮೊದಲೇ ತುಂಬಿದರೆ ಹೀಗಾಗುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಬಾಟಲಿಯಲ್ಲಿ ಸುಮಾರು 1 ಬಾರ್ ಒತ್ತಡ ಏಳುತ್ತದೆ. ಬಿರಡೆ ಮೇಲಕ್ಕೆದ್ದಿದ್ದರೆ, ಹಸಿ ಹಿಟ್ಟಿನ ವಾಸನೆಯಿದ್ದರೆ, ಎಷ್ಟು ಸುತ್ತಿಸಿದರೂ ಗುಳ್ಳೆ ಏಳುತ್ತಲೇ ಇದ್ದರೆ ಅದು ಈ ಎರಡನೆಯ ಬಗೆ. ಕುಡಿದರೆ ಅಪಾಯವಿಲ್ಲ. ಆದರೆ ಅದೇ ತೋಟದ ಬೇರೆ ಬಾಟಲಿಗಳು ಮನೆಯಲ್ಲಿದ್ದರೆ ಕೂಡಲೇ ತಂಪಿನಲ್ಲಿಡಿ, ಬೇಗ ಮುಗಿಸಿ.

ಪ್ರಶ್ನೆ: "ಸಲ್ಫೈಟ್ ಸೇರಿಸಿಲ್ಲ" ಎಂದು ಹೇಳಿ ಮಾರುವ ವೈನಿನ ಹಿಂದಿನ ಚೀಟಿಯಲ್ಲಿ "ಸಲ್ಫೈಟ್ ಇದೆ" ಎಂದೂ ಬರೆದಿದೆ. ಯಾವುದನ್ನು ನಂಬುವುದು? ಸಾವಯವ ಎಂದರೆ ಸಲ್ಫೈಟ್ ಇರಲೇಬಾರದಲ್ಲವೇ? – ಕೆ.ಎನ್.

ಉತ್ತರ: ಎರಡು ಮಾತೂ ನಿಜವಿರಬಹುದು. ಹುದುಗುವಾಗ ಯೀಸ್ಟ್ ತಾನೇ ಒಂದಷ್ಟು ಸಲ್ಫೈಟ್ ಉತ್ಪಾದಿಸುತ್ತದೆ. ಲೀಟರಿಗೆ 10 ಮಿಲಿಗ್ರಾಂ ಮೀರಿದರೆ "ಸಲ್ಫೈಟ್ ಇದೆ" ಎಂದು ಬರೆಯಲೇಬೇಕೆಂಬುದು 2005ರ ನವೆಂಬರಿನಿಂದ ಐರೋಪ್ಯ ಒಕ್ಕೂಟದ ನಿಯಮ. ಏನೂ ಸೇರಿಸದ ವೈನೂ ಆ ಗೆರೆಯನ್ನು ಸಲೀಸಾಗಿ ದಾಟಬಲ್ಲದು.

ಸಾವಯವ ವೈನಿನಲ್ಲಿ ಸಲ್ಫೈಟಿಗೆ ಅವಕಾಶವಿದೆ. 2012ರ ತನಕ ಐರೋಪ್ಯ ನಿಯಮದಲ್ಲಿ "ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್" ಎನ್ನಲು ಮಾತ್ರ ಅವಕಾಶವಿತ್ತು. ತಯಾರಿಕೆಗೆ ಪ್ರತ್ಯೇಕ ನಿಯಮವೇ ಇರಲಿಲ್ಲ. 2012ರ ಆಗಸ್ಟ್ 1ರಿಂದ ನೆಲಮಾಳಿಗೆಯ ಕೆಲಸವೂ ನಿಯಮದೊಳಗೆ ಬಂತು. ಸಕ್ಕರೆ ಲೀಟರಿಗೆ 2 ಗ್ರಾಂಗಿಂತ ಕಡಿಮೆಯಿರುವ ಬಿಳಿ ವೈನಿನಲ್ಲಿ ಒಟ್ಟು ಸಲ್ಫೈಟ್ 150 ಮಿಲಿಗ್ರಾಂ ಮೀರುವಂತಿಲ್ಲ. ಸಾಮಾನ್ಯ ಬಿಳಿ ವೈನಿಗೆ ಮಿತಿ 200. ಅಂದರೆ ಅಂತರ ತೀರಾ ದೊಡ್ಡದಲ್ಲ. ಒಣಗಿಸಿಟ್ಟ ಯೀಸ್ಟ್, ಬೆಂಟೊನೈಟ್, ಸಾವಯವ ಸಕ್ಕರೆ ಇವಕ್ಕೂ ಸಾವಯವ ನಿಯಮದಲ್ಲಿ ಅನುಮತಿಯಿದೆ. ಆದ್ದರಿಂದ ಐರೋಪ್ಯ ಸಾವಯವದ ಹಸಿರು ಎಲೆಯ ಗುರುತನ್ನು ತೋಟಕ್ಕೆ ಸಿಕ್ಕ ಪ್ರಮಾಣವೆಂದೇ ಮೊದಲು ಓದಬೇಕು. ಕೈಹಾಕುವುದು ಕಡಿಮೆ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು.

ಅದಕ್ಕೆ ಬೇರೆ ಗುರುತಿದೆ. 2020ರಲ್ಲಿ ಫ್ರಾನ್ಸಿನ ಆಡಳಿತ ಒಪ್ಪಿದ "ವ್ಯಾಂ ಮೆಥೋಡ್ ನಾತ್ಯೂರ್" (ಸಹಜ ವಿಧಾನದ ವೈನ್) ಕರಾರಿನಂತೆ ದ್ರಾಕ್ಷಿ ಪ್ರಮಾಣಿತ ಸಾವಯವವಾಗಿರಬೇಕು, ಕೈಯಲ್ಲೇ ಕೊಯ್ದಿರಬೇಕು, ತೋಟದ್ದೇ ಯೀಸ್ಟಿನಿಂದ ಹುದುಗಬೇಕು, ಬೇರೇನೂ ಬೆರೆಸಬಾರದು. ಇದರಲ್ಲಿ ಎರಡು ಮುದ್ರೆ: ಒಂದು ಸಲ್ಫೈಟ್ ಸೇರಿಸದ್ದಕ್ಕೆ, ಇನ್ನೊಂದು ಹುದುಗಿದ ಮೇಲೆ ಸೇರಿಸಿಯೂ 30 ಮಿಲಿಗ್ರಾಂ ಒಳಗಿರುವುದಕ್ಕೆ.

ಇಷ್ಟಾದರೂ ಮುಖ್ಯ ಸಂಗತಿ ಚೀಟಿಯಲ್ಲಿ ಇರುವುದಿಲ್ಲ. ಅದು ಪಿಎಚ್, ಅಂದರೆ ಹುಳಿಯ ಅಳತೆ: ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ. ಸೇರಿಸಿದ ಸಲ್ಫೈಟಿನಲ್ಲಿ ಒಂದು ಭಾಗ ವೈನಿನ ಇತರ ವಸ್ತುಗಳಿಗೆ ಅಂಟಿಕೊಳ್ಳುತ್ತದೆ, ಉಳಿದದ್ದು ಬಿಡಿಯಾಗಿರುತ್ತದೆ. ಆ ಬಿಡಿ ಭಾಗದಲ್ಲೂ ಸೂಕ್ಷ್ಮಜೀವಿಗಳನ್ನು ತಡೆಯುವುದು ಅಣುರೂಪದ ತುಣುಕು ಮಾತ್ರ. ಅದರ ಪಾಲು ಎಷ್ಟೆಂದು ಹುಳಿ ನಿರ್ಧರಿಸುತ್ತದೆ. ಬಿಳಿ ವೈನಿಗೆ ಲೀಟರಿಗೆ 0.8 ಮಿಲಿಗ್ರಾಂ ಅಣುರೂಪದ ಸಲ್ಫೈಟ್ ಸಿಗಬೇಕಾದರೆ ಪಿಎಚ್ 3.0 ಇದ್ದಾಗ ಬಿಡಿ ಸಲ್ಫೈಟ್ 13 ಮಿಲಿಗ್ರಾಂ ಸಾಕು. ಪಿಎಚ್ 3.2ಕ್ಕೆ ಏರಿದರೆ 21 ಬೇಕು, 3.5ಕ್ಕೆ ಏರಿದರೆ 40. ಶೆನಿನ್ ಹಣ್ಣಾದ ಮೇಲೂ ಹುಳಿ ಬಿಟ್ಟುಕೊಡದ ತಳಿ. ಲ್ವಾರ್ ದಂಡೆಯಲ್ಲಿ ಅದರ ಪಿಎಚ್ ಬಹಳ ಸಲ 3.0ರಿಂದ 3.3ರ ನಡುವೆಯೇ ಇರುತ್ತದೆ. ಕಡಿಮೆ ಸಲ್ಫೈಟಿನಲ್ಲೂ ಅಲ್ಲಿಯ ಬಿಳಿ ವೈನ್ ನೆಟ್ಟಗೆ ನಿಲ್ಲುವುದಕ್ಕೆ ದೊಡ್ಡ ಕಾರಣ ಇದೇ. ಬಿಸಿ ಸೀಮೆಯಲ್ಲಿ ಬೆಳೆದು ಹುಳಿ ಇಳಿದ ದ್ರಾಕ್ಷಿಗೆ ಅದೇ ವಿಧಾನ ಹಿಡಿದರೆ ಕೆಡುವ ಸಂಭವ ಹೆಚ್ಚು.

ಪ್ರಶ್ನೆ: ಏನನ್ನೂ ಬೆರೆಸುವುದಿಲ್ಲ, ಸೋಸುವುದಿಲ್ಲ ಎಂದಮೇಲೆ ನೆಲಮಾಳಿಗೆಯಲ್ಲಿ ಮಾಡುವ ಕೆಲಸವಾದರೂ ಏನು? ಹಂತ ಹಂತವಾಗಿ ತಿಳಿಸುವಿರಾ? – ಜಿ.ಪಿ.

ಉತ್ತರ: ಬೆರೆಸದೆ ಮಾಡುವವರಿಗೆ ಕೆಲಸ ಹೆಚ್ಚು. ಆಮೇಲೆ ತಿದ್ದುವ ಸಾಧನಗಳಿಲ್ಲದ ಕಾರಣ ಪ್ರತಿ ಹಂತದಲ್ಲೂ ಮೊದಲೇ ಸರಿಯಾಗಿರಬೇಕು.

ಕೊಯ್ಲು ಕೈಯಲ್ಲಿ. ಶೆನಿನ್ ಗೊಂಚಲುಗಳು ಒಟ್ಟಿಗೆ ಹಣ್ಣಾಗುವುದಿಲ್ಲ, ಹಾಗಾಗಿ ಒಂದೇ ಸಾಲಿಗೆ ಎರಡು ಮೂರು ಸಲ ಇಳಿಯುತ್ತಾರೆ. 15–20 ಕಿಲೊ ಹಿಡಿಯುವ ತಗ್ಗು ಕ್ರೇಟುಗಳೇ ಬೇಕು. ಆಳದ ಬುಟ್ಟಿಯಲ್ಲಿ ಕೆಳಗಿನ ಹಣ್ಣು ಒಡೆದು ಅಲ್ಲೇ ಹುದುಗು ಶುರುವಾಗುತ್ತದೆ. ಕೊಳೆತ ಕಾಳನ್ನು ಬಳ್ಳಿಯ ಬುಡದಲ್ಲೇ ಕತ್ತರಿಸಿ ಬೀಳಿಸಬೇಕು. ವೈನನ್ನು ವಿನೆಗರ್ ಮಾಡುವ ಅಸಿಟಿಕ್ ಬ್ಯಾಕ್ಟೀರಿಯಾ ಹೊತ್ತು ತರುವುದು ಆ ಕೊಳೆತ ಕಾಳೇ. ಸಲ್ಫೈಟ್ ಇಲ್ಲದ ರಸದಲ್ಲಿ ಅದನ್ನು ತಡೆಯುವವರಿಲ್ಲ.

ಗೊಂಚಲನ್ನು ತೊಟ್ಟಿನ ಸಮೇತ ಗಾಳಿಚೀಲದ ಪ್ರೆಸ್ಸಿಗೆ ಹಾಕುತ್ತಾರೆ. ತೊಟ್ಟುಗಳ ನಡುವಿನ ಸಂದುಗಳಲ್ಲಿ ರಸ ಸರಾಗವಾಗಿ ಇಳಿಯುತ್ತದೆ. ಒತ್ತಡವನ್ನು 0.2 ಬಾರಿನಷ್ಟರಿಂದ ಮೆಲ್ಲಗೆ ಏರಿಸುತ್ತ ಮೂರು ನಾಲ್ಕು ತಾಸು ಹಿಂಡಿದರೆ 100 ಕಿಲೊ ಹಣ್ಣಿಗೆ 60–65 ಲೀಟರ್ ರಸ. ಅವಸರದಲ್ಲಿ ಒತ್ತಡ ಏರಿಸಿದರೆ ಸಿಪ್ಪೆಯ ಒಗರು, ಪೊಟ್ಯಾಸಿಯಂ ಎರಡೂ ಇಳಿಯುತ್ತವೆ. ಪೊಟ್ಯಾಸಿಯಂ ಹೆಚ್ಚಿದರೆ ಪಿಎಚ್ ಏರುತ್ತದೆ, ಹಿಂದಿನ ಉತ್ತರದಲ್ಲಿ ಹೇಳಿದ ರಕ್ಷಣೆ ಕುಗ್ಗುತ್ತದೆ.

ಸಲ್ಫೈಟ್ ಹಾಕದ ರಸ ಪ್ರೆಸ್ಸಿನಿಂದ ಬರುವಾಗಲೇ ಕಂದುಗಟ್ಟುತ್ತದೆ. ನೋಡಿದವರಿಗೆ ಭಯವಾಗುತ್ತದೆ, ಆದರೆ ಇದು ಒಳ್ಳೆಯದಕ್ಕೇ. ಗಾಳಿ ತಾಗಿದರೆ ಕಂದಾಗುವ ಫಿನಾಲುಗಳು ಈಗಲೇ ಕಂದಾಗಿ ಗಸಿಯ ಜೊತೆ ತಳಕ್ಕಿಳಿಯುತ್ತವೆ. ಹುದುಗುವಾಗ ಬಣ್ಣ ಮತ್ತೆ ತಿಳಿಹಳದಿಗೆ ಮರಳುತ್ತದೆ. ಮುಂದೆ ಬಾಟಲಿಯಲ್ಲಿ ಕಂದಾಗಲು ಉಳಿಯುವ ವಸ್ತು ಕಡಿಮೆ.

12ರಿಂದ 24 ತಾಸು ತಂಪಿನಲ್ಲಿ ಬಿಟ್ಟು ದಪ್ಪ ಗಸಿಯನ್ನು ಮಾತ್ರ ಬೇರ್ಪಡಿಸುತ್ತಾರೆ. ಇಲ್ಲಿ ಹಲವರು ಎಡವುತ್ತಾರೆ: ರಸವನ್ನು ಅತಿಯಾಗಿ ತಿಳಿ ಮಾಡಿದರೆ ಯೀಸ್ಟಿಗೆ ಪೋಷಣೆ ಸಾಲದೆ ಹುದುಗು ಅರ್ಧಕ್ಕೆ ನಿಲ್ಲುತ್ತದೆ. ತಿಳಿತನವನ್ನು ಅಳೆಯುವವರು ಅದನ್ನು, ಅಂಕಿ ಹೆಚ್ಚಿದಷ್ಟೂ ಮಬ್ಬು ಹೆಚ್ಚೆಂಬ ಮಾನದಲ್ಲಿ, 100ರಿಂದ 200 ಎನ್‌ಟಿಯು ನಡುವೆ ಇಡುತ್ತಾರೆ. 50ಕ್ಕಿಂತ ಕೆಳಗೆ ಹೋದರೆ ತೊಂದರೆಗೆ ಆಹ್ವಾನ.

ನಂತರ ಪೀಪಾಯಿ: 228 ಲೀಟರಿನದು, 400ರದು, ಕೆಲವರಲ್ಲಿ 600ರದು. ಬಹುತೇಕ ಹಳೆಯವು, ಹೊಸ ಮರದ ವಾಸನೆ ಬರದಿರಲೆಂದು. ಹುದುಗು ತಾನಾಗಿ ಏಳಲು ಮೂರರಿಂದ ಏಳು ದಿನ ಬೇಕಾಗಬಹುದು. ಅಷ್ಟು ಕಾಯುವುದು ಅಪಾಯವೆನಿಸಿದವರು ಕೊಯ್ಲಿಗೆ ಒಂದು ವಾರ ಮುಂಚೆ ಅದೇ ತೋಟದ ಒಂದಷ್ಟು ಒಳ್ಳೆಯ ಹಣ್ಣನ್ನು ಹಿಂಡಿ, ಹುದುಗೆಬ್ಬಿಸಿ, ಮೂಗಿನಿಂದ ಪರೀಕ್ಷಿಸಿ, ವಾಸನೆ ಶುದ್ಧವಿದ್ದರೆ ಅದನ್ನೇ ಶೇ. 2ರಿಂದ 5ರಷ್ಟು ಹೊಸ ರಸಕ್ಕೆ ಹಾಕುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದು, ಹೆಪ್ಪು ಕೆಟ್ಟರೆ ಎಲ್ಲವೂ ಕೆಟ್ಟಂತೆ. ನಮ್ಮ ದೃಷ್ಟಿಯಲ್ಲಿ ಬೆರೆಸದ ವಿಧಾನದಲ್ಲಿರುವ ಅತಿ ಉಪಯುಕ್ತ ಪದ್ಧತಿ ಇದೇ.

ಪ್ರತಿದಿನ ಸಾಂದ್ರತೆ ಅಳೆದು ಬರೆದಿಡಬೇಕು. ಲೀಟರಿಗೆ 1090 ಗ್ರಾಂನಿಂದ ಹೊರಟ ರಸ 995ಕ್ಕಿಂತ ಕೆಳಗಿಳಿದರೆ ಸಕ್ಕರೆ ಮುಗಿಯುತ್ತ ಬಂತೆಂದರ್ಥ, ಆಲ್ಕೋಹಾಲ್ ಶೇ. 12ರಿಂದ 12.5ರಷ್ಟು. ಶೀತದ ನೆಲಮಾಳಿಗೆಯಲ್ಲಿ ಇದಕ್ಕೆ ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. 1005ರ ಸುಮಾರಿಗೆ ನಾಲ್ಕೈದು ದಿನ ಕದಲದೆ ನಿಂತರೆ ಎಚ್ಚರ: ಉಳಿದ ಸಕ್ಕರೆಯನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಿಂದರೆ ಲ್ಯಾಕ್ಟಿಕ್ ಆಮ್ಲದ ಜೊತೆ ಅಸಿಟಿಕ್ ಆಮ್ಲವೂ ಹುಟ್ಟುತ್ತದೆ. ಕೋಣೆಯನ್ನು 18–20 ಡಿಗ್ರಿಗೆ ಏರಿಸಿ, ಗಸಿಯನ್ನು ಕೋಲಿನಿಂದ ಕದಡಿ, ಚೆನ್ನಾಗಿ ಹುದುಗುತ್ತಿರುವ ಬೇರೆ ಪೀಪಾಯಿಯ ಗಸಿಯನ್ನು ಸೇರಿಸುವುದು ಮೊದಲ ಉಪಾಯ.

ಹುದುಗು ಮುಗಿದ ಮೇಲೆ ಪೀಪಾಯಿ ಸದಾ ತುಂಬಿರಬೇಕು. ಮರದ ಮೂಲಕ ವೈನ್ ಆರುತ್ತದೆ, ಮೇಲೆ ಉಳಿದ ಜಾಗಕ್ಕೆ ಗಾಳಿ ಸೇರುತ್ತದೆ. ವಾರಕ್ಕೊಮ್ಮೆ, ತಪ್ಪಿದರೆ ಎರಡು ವಾರಕ್ಕೊಮ್ಮೆ ಅದೇ ವೈನಿನಿಂದ ತುಂಬಿಸುತ್ತಾರೆ. ನುಣ್ಣನೆಯ ಗಸಿ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಅದರ ಮೇಲೆಯೇ ತಿಂಗಳುಗಟ್ಟಲೆ ಬಿಡುತ್ತಾರೆ. ದ್ರಾಕ್ಷಿಯ ಮ್ಯಾಲಿಕ್ ಆಮ್ಲ ಉಳಿದಿದ್ದರೆ ಅದು ಮುಂದೆ ಬಾಟಲಿಯಲ್ಲಿ ಲ್ಯಾಕ್ಟಿಕ್ ಆಗಿ ಮಾರ್ಪಟ್ಟು ಮಬ್ಬು, ಗುಳ್ಳೆ ತರಬಹುದು. ಹೀಗಾಗಿ ಎರಡನೆಯ ಚಳಿಗಾಲ ಕಳೆಯುವವರೆಗೆ ಕಾಯುವವರಿದ್ದಾರೆ. ತುಂಬುವಾಗ ಲೀಟರಿಗೆ 20–30 ಮಿಲಿಗ್ರಾಂ ಸಲ್ಫೈಟ್ ಹಾಕುವವರೇ ಹೆಚ್ಚು. ನಾವು ಅದನ್ನು ತಪ್ಪೆನ್ನುವುದಿಲ್ಲ. ದೂರದ ಪ್ರಯಾಣ ಹೊರಟ ಬಾಟಲಿಗೆ ಅಷ್ಟು ಬೇಕು.

ಪ್ರಶ್ನೆ: ಸಾವಯವ ತೋಟದಲ್ಲೂ ತಾಮ್ರ ಸಿಂಪಡಿಸುತ್ತಾರಂತೆ. ಹೌದೇ? – ಎಂ.ಎಲ್.

ಉತ್ತರ: ಹೌದು. ಬೂಜು ರೋಗಕ್ಕೆ ಸಾವಯವದಲ್ಲಿ ತಾಮ್ರದಷ್ಟು ಕೆಲಸ ಮಾಡುವುದು ಇನ್ನೂ ಸಿಕ್ಕಿಲ್ಲ. ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ದ್ರಾಕ್ಷಿ ಸೀಮೆಯಲ್ಲೇ ಬಳಕೆಗೆ ಬಂತು. ತಾಮ್ರ ಮಣ್ಣಿನಲ್ಲಿ ಕರಗಿಹೋಗದೆ ಶೇಖರವಾಗಿ ಎರೆಹುಳುಗಳಿಗೂ ಶಿಲೀಂಧ್ರಗಳಿಗೂ ಹಾನಿ ಮಾಡುವುದರಿಂದ ಐರೋಪ್ಯ ಒಕ್ಕೂಟ 2019ರಿಂದ ಮಿತಿ ಬಿಗಿ ಮಾಡಿದೆ: ಹೆಕ್ಟೇರಿಗೆ 7 ವರ್ಷದಲ್ಲಿ ಒಟ್ಟು 28 ಕಿಲೊ, ಸರಾಸರಿ ವರ್ಷಕ್ಕೆ 4. ತೇವದ ವರ್ಷ ಹೆಚ್ಚು, ಒಣ ವರ್ಷ ಕಡಿಮೆ ಎಂದು ಹೊಂದಿಸಿಕೊಳ್ಳಬೇಕು.

ತಾಮ್ರ ಎಲೆಯ ಒಳಗೆ ಹೋಗುವುದಿಲ್ಲ, ಮೇಲೆಯೇ ಕೂರುತ್ತದೆ. 20–25 ಮಿ.ಮೀ. ಮಳೆ ಬಿದ್ದರೆ ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕು. ಮಳೆಗೆ ಮೊದಲು ಹೊಡೆದದ್ದು ಮಾತ್ರ ಫಲ. ಸೋಂಕು ತಗಲಿದ ಮೇಲೆ ಎಷ್ಟು ಹೊಡೆದರೂ ವ್ಯರ್ಥ. ವಸಂತದಲ್ಲಿ ಚಿಗುರು 10 ಸೆಂ.ಮೀ., ಉಷ್ಣತೆ 10 ಡಿಗ್ರಿ, ಮಳೆ 10 ಮಿ.ಮೀ. ಮೂರೂ ಕೂಡಿದರೆ ಮೊದಲ ಸೋಂಕು ಶುರುವೆಂಬ ಹಳೆಯ ಲೆಕ್ಕವನ್ನು ಇಂದಿಗೂ ಅನುಸರಿಸುತ್ತಾರೆ. ಬೂದಿ ರೋಗಕ್ಕೆ ಗಂಧಕ. 30 ಡಿಗ್ರಿ ಮೀರಿದ ಬಿಸಿಲಿನಲ್ಲಿ ಅದು ಎಲೆಯನ್ನು ಸುಡುತ್ತದೆ, ಆದ್ದರಿಂದ ಬೆಳಗಿನ ಜಾವವೇ ಸರಿಯಾದ ಹೊತ್ತು. ಕೊಯ್ಲಿನ ಹೊಸ್ತಿಲಲ್ಲಿ ಗಂಧಕ ಹೊಡೆದರೆ ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಪ್ರಶ್ನೆ: ಅದೇ ತೋಟದ ಒಂದು ವೈನಿಗೆ "ಮೋಂಲೂಯಿ" ಎಂದು ಊರ ಹೆಸರಿದೆ, ಇನ್ನೊಂದರಲ್ಲಿ ಬರೀ "ವ್ಯಾಂ ದ ಫ್ರಾನ್ಸ್", ಅಂದರೆ ಫ್ರಾನ್ಸಿನ ವೈನ್. ಎರಡನೆಯದು ಕೀಳು ದರ್ಜೆಯೇ? – ಎಸ್.ಬಿ.

ಉತ್ತರ: ದರ್ಜೆಯನ್ನು ಅದರಿಂದ ಅಳೆಯಬೇಡಿ. ಊರ ಹೆಸರು ಬರೆಯಬೇಕಾದರೆ 1935ರಲ್ಲಿ ಆರಂಭವಾದ ಎಒಸಿ ಎಂಬ ಊರ ಹೆಸರಿನ ಪದ್ಧತಿಯ ಕಟ್ಟುಪಾಡು ಪಾಲಿಸಬೇಕು: ಎಲ್ಲೆ, ತಳಿ, ಹೆಕ್ಟೇರಿಗಿಷ್ಟೇ ಇಳುವರಿ, ಜೊತೆಗೆ ಆ ಊರಿನ ವೈನ್ ಹೀಗೇ ಇರಬೇಕೆಂಬ ರುಚಿ ಪರೀಕ್ಷೆ. ಮಬ್ಬಾಗಿದ್ದದ್ದು ಅಥವಾ ಗಾಳಿ ತಾಗಿ ಕತ್ತರಿಸಿಟ್ಟ ಸೇಬಿನ ವಾಸನೆ ಬಂದದ್ದು ಆ ಪರೀಕ್ಷೆಯಲ್ಲಿ ತಿರಸ್ಕಾರವಾಗಬಹುದು. ಪರೀಕ್ಷೆಗೆ ಕಳಿಸುವ ಗೋಜಿಗೇ ಹೋಗದೆ ಕೆಲವರು ವ್ಯಾಂ ದ ಫ್ರಾನ್ಸ್ ಎಂದೇ ಮಾರುತ್ತಾರೆ. ಹಿಮ ಬಿದ್ದು ಬೆಳೆ ಹೋದ ವರ್ಷ ಬೇರೆ ಸೀಮೆಯ ಸಾವಯವ ದ್ರಾಕ್ಷಿ ಕೊಂಡು ಮಾಡಿದ ವೈನೂ ಇದೇ ಹೆಸರಿನಲ್ಲಿ ಬರುತ್ತದೆ. ವ್ಯಾಂ ದ ಫ್ರಾನ್ಸ್ ಚೀಟಿಯಲ್ಲಿ ಊರಿನ ಹೆಸರನ್ನು ಮೂಲವಾಗಿ ತೋರಿಸುವಂತಿಲ್ಲ, "ಡೊಮೇನ್" (ಸ್ವಂತ ತೋಟ) ಎಂಬ ಪದಕ್ಕೂ ಅವಕಾಶವಿಲ್ಲ. ವರ್ಷ ಮತ್ತು ಶೆನಿನ್ ಎಂಬ ತಳಿಯ ಹೆಸರನ್ನು ಬರೆಯಬಹುದು. ಮಾಡಿದವರ ಹೆಸರು ನೋಡಿ ಕೊಳ್ಳಿ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನಿಗೆ ಸೇರಿಸಿದ ಪದಾರ್ಥಗಳ ಪಟ್ಟಿ ಕೊಡುವುದು ಐರೋಪ್ಯ ಒಕ್ಕೂಟದಲ್ಲಿ ಕಡ್ಡಾಯ. ಹೆಚ್ಚಾಗಿ ಕ್ಯೂಆರ್ ಕೋಡಿನಲ್ಲಿರುತ್ತದೆ. ತಯಾರಕರ ಮಾತಿಗೂ ಆ ಪಟ್ಟಿಗೂ ತಾಳೆ ಹಾಕಿ ನೋಡಬಹುದು.

ಪ್ರಶ್ನೆ: ಮೂಗಿಗೆ ಚೆನ್ನಾಗಿದ್ದ ವೈನ್, ನುಂಗಿದ ಮೇಲೆ ಗಂಟಲಿನಲ್ಲಿ ಇಲಿ ಗೂಡಿನಂಥ, ಹಳಸಿದ ಧಾನ್ಯದಂಥ ವಾಸನೆ ಬಿಟ್ಟಿತು. ಜೊತೆಗಿದ್ದವರಿಗೆ ಅದು ಗೊತ್ತೇ ಆಗಲಿಲ್ಲ. – ಟಿ.ವಿ.

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಫ್ರೆಂಚರೂ ಇದನ್ನು ಇಲಿಯ ರುಚಿ ಎಂದೇ ಕರೆಯುತ್ತಾರೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅಥವಾ ಬ್ರೆಟನೋಮೈಸಿಸ್ ಎಂಬ ಯೀಸ್ಟ್ ಇದಕ್ಕೆ ಕಾರಣವಾದ ವಸ್ತುಗಳನ್ನು ಹುಟ್ಟಿಸುತ್ತದೆ. ವೈನಿನ ಹುಳಿಯಲ್ಲಿ ಅವು ಆವಿಯಾಗವು, ಹಾಗಾಗಿ ಮೂಗಿಗೆ ಸಿಗವು. ಬಾಯಲ್ಲಿ ಎಂಜಲು ಬೆರೆತು ಪಿಎಚ್ ಏರಿದ ಮೇಲೆ, ಹತ್ತಿಪ್ಪತ್ತು ಸೆಕೆಂಡಿಗೆ ಮೇಲೇಳುತ್ತವೆ. ಎಂಜಲಿನ ಪಿಎಚ್ ಒಬ್ಬೊಬ್ಬರದು ಒಂದೊಂದು, ಆದ್ದರಿಂದ ಕೆಲವರಿಗೆ ತಿಳಿಯುವುದೇ ಇಲ್ಲ. ಅನುಮಾನವಿದ್ದರೆ ಒಂದು ಗುಟುಕು ವೈನಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿ ಮೂಸಿ, ದೋಷವಿದ್ದರೆ ಎದ್ದುಬರುತ್ತದೆ.

ತೆರೆದಿಟ್ಟಷ್ಟೂ ಇದು ಹೆಚ್ಚಾಗುತ್ತದೆ, ಗಾಳಿಯಾಡಿಸಿದರೆ ಹೋಗುವುದಿಲ್ಲ. ತೆರೆಯದ ಬಾಟಲಿಗಳನ್ನು ಹಲವು ತಿಂಗಳು ತಂಪಿನಲ್ಲಿಟ್ಟರೆ ಕೆಲವೊಮ್ಮೆ ತಗ್ಗುವುದುಂಟು. ಬೆರೆಸದ ವೈನಿನ ಗುಣವೇ ಹೀಗೆಂದು ಸಮರ್ಥಿಸುವವರ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಇದು ದೋಷ. ಬಾಟಲಿ ಹಿಂತಿರುಗಿಸಿ. ಕೊಳೆತ ಮೊಟ್ಟೆ ಅಥವಾ ಬೆಂಕಿಕಡ್ಡಿಯ ವಾಸನೆ ಮಾತ್ರ ಬೇರೆ. ಗಾಳಿ ಸಾಲದೆ ಬಂದದ್ದು, ಹೂಜಿಗೆ ಸುರಿದು ಅರ್ಧ ತಾಸು ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಪ್ರಶ್ನೆ: ಸಣ್ಣ ತೋಟದ ವೈನ್ ಇಷ್ಟು ದುಬಾರಿ ಏಕೆ? – ಎಚ್.ಆರ್.

ಉತ್ತರ: ಲೆಕ್ಕ ಹಾಕಿ ನೋಡಿ. ಹೆಕ್ಟೇರಿಗೆ 30 ಹೆಕ್ಟೊಲೀಟರ್, ಅಂದರೆ 3,000 ಲೀಟರ್ ಬಂದರೆ 750 ಮಿ.ಲೀ. ಬಾಟಲಿ 4,000. ಐದು ಹೆಕ್ಟೇರಿನ ತೋಟಕ್ಕೆ ಇಡೀ ವರ್ಷದ ದುಡಿಮೆ 20,000 ಬಾಟಲಿ. ಲ್ವಾರ್ ದಂಡೆಯಲ್ಲಿ ಚಿಗುರಿನ ಹೊತ್ತಿಗೆ, ಏಪ್ರಿಲಿನಲ್ಲಿ, ಹಿಮ ಬೀಳುತ್ತದೆ. 2016, 2017, 2021ರಲ್ಲಿ ಹಾಗೆಯೇ ಆಯಿತು. ಮೈನಸ್ 2 ಡಿಗ್ರಿಯ ಸುಮಾರಿಗೆ ಹಸಿ ಚಿಗುರು ಕರಟುತ್ತದೆ. ತಡೆಯಲು ಹೆಕ್ಟೇರಿಗೆ ಸುಮಾರು 400 ದೊಡ್ಡ ಮೇಣದ ಡಬ್ಬಿಗಳನ್ನು ರಾತ್ರಿಯಿಡೀ ಉರಿಸಬೇಕು. ಚಿಗುರು ಉಳಿಯದಿದ್ದರೆ ಆ ವರ್ಷ ಮಾರಲು ಬಾಟಲಿಯೇ ಇಲ್ಲ, ಸಂಬಳ ಮಾತ್ರ ಕೊಡುತ್ತಿರಬೇಕು.

ಪ್ರಶ್ನೆ: ಇಂಥ ವೈನನ್ನು ಮನೆಯಲ್ಲಿ ಹೇಗೆ ಇಡುವುದು? ತೆರೆದ ಮೇಲೆ ಎಷ್ಟು ದಿನ? – ಡಿ.ಕೆ.

ಉತ್ತರ: 10ರಿಂದ 14 ಡಿಗ್ರಿಯಲ್ಲಿ, ಕತ್ತಲಲ್ಲಿ, ಬಿರಡೆ ಒಣಗದಂತೆ ಮಲಗಿಸಿ. ಸಲ್ಫೈಟ್ ಕಡಿಮೆಯಿದ್ದಷ್ಟೂ ಬಿಸಿ ಅಪಾಯ. 20 ಡಿಗ್ರಿಗಿಂತ ಮೇಲೆ ವಾರಗಟ್ಟಲೆ ಇದ್ದರೆ ಮಲಗಿದ್ದ ಬ್ಯಾಕ್ಟೀರಿಯಾ ಏಳುತ್ತದೆ. ಬೇರೆ ಜಾಗವಿಲ್ಲದಿದ್ದರೆ ಕೆಲವು ತಿಂಗಳಿಗೆ ಸಾಮಾನ್ಯ ಫ್ರಿಜ್ಜೇ ಮೇಲು. ಬಣ್ಣವಿಲ್ಲದ ಗಾಜಿನ ಬಾಟಲಿಯಾದರೆ ಬೆಳಕು ತಾಗದಂತೆ ಕಾಗದ ಸುತ್ತಿಡಿ. ಬೆಳಕಿನಲ್ಲಿ ವೈನಿನೊಳಗಿನ ರೈಬೋಫ್ಲಾವಿನ್ ಮತ್ತು ಮೆಥಿಯೊನಿನ್ ಎಂಬ ವಸ್ತುಗಳು ಸೇರಿ ಬೇಯಿಸಿದ ಎಲೆಕೋಸಿನ ವಾಸನೆ ಹುಟ್ಟಿಸುತ್ತವೆ.

ಕುಡಿಯುವಾಗ 10–12 ಡಿಗ್ರಿ ಇರಲಿ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಬಿಟ್ಟರೆ ಸಾಕು. 5–6 ಡಿಗ್ರಿಯಲ್ಲಿ ಹುಳಿಯೊಂದೇ ಸಿಗುತ್ತದೆ, ಪರಿಮಳ ಮುಚ್ಚಿಹೋಗುತ್ತದೆ. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತೊಂದರೆಯಿಲ್ಲ. ಒಳ್ಳೆಯ ಶೆನಿನ್ ಎರಡನೆಯ ದಿನ ಇನ್ನಷ್ಟು ಅರಳುವುದೂ ಉಂಟು. ಬಣ್ಣ ಗಾಢವಾಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ಮೀರಿತು. ವಿನೆಗರ್ ಅಥವಾ ಉಗುರುಬಣ್ಣದ ವಾಸನೆ ಮೂಗಿಗೆ ಚುಚ್ಚುವಷ್ಟಾದರೆ ಅಡಿಗೆಗೂ ಬೇಡ.